ಕಣಗಿಲೆ ತಿಂದ ಆಡು

ಜೂನ್ 9, ಸೋಮವಾರ

ಈ ಡೈರಿ ಜನವರಿಯಲ್ಲಿ ಗೊಬ್ಬರದ ಕಂಪನಿಯವರು ಅಪ್ಪನಿಗೆ ಪುಕ್ಕಟೆ ಕೊಟ್ಟದ್ದು. ಮದುವೆಯಾಗಿ ಹುಮನಾಬಾದಿನಿಂದ ಬರುವಾಗ ಸೀರೆಗಳ ನಡುವೆ ತುರುಕಿಕೊಂಡು ಬಂದಿದ್ದೆ. ನಾಲ್ಕು ತಿಂಗಳು ಮುಟ್ಟಿರಲಿಲ್ಲ. ಇವತ್ತು ಬರೆಯುತ್ತಿದ್ದೇನೆ, ಯಾಕೆಂದರೆ ಇವತ್ತು ಒಂದು ಅಪರಾಧ ಮಾಡಿದ್ದೇನೆ. ಹೇಳಿಕೊಳ್ಳೋಣವೆಂದರೆ ಬಸವಕಲ್ಯಾಣದಲ್ಲಿ ನನಗೆ ಒಂದು ನರಪಿಳ್ಳೆಯೂ ಇಲ್ಲ.

ನನ್ನ ಗಂಡ ಸತೀಶಕುಮಾರ ಬೆಳಿಗ್ಗೆ ಎಂಟಕ್ಕೆ ಹೆದ್ದಾರಿಯ ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿರುವ ಅಂಗಡಿಗೆ ಹೋಗಿ ಲಾರಿಗಳ ಬಿಡಿಭಾಗ ಮಾರುತ್ತಾರೆ, ಕತ್ತಲಾದ ಮೇಲೆ ಬಂದು ಉಂಡು ಮಲಗುತ್ತಾರೆ. ಒಳ್ಳೆಯವರೇ. ಆದರೆ ಅವರ ಹತ್ತಿರ ಗಿಡದ ಮಾತು ತೆಗೆದರೆ ಅದು ಹೇಗೋ ಗೇರ್ ಬಾಕ್ಸಿಗೆ ಹೋಗಿ ಮುಟ್ಟುತ್ತದೆ. ಮನೆಯಲ್ಲಿ ಉಳಿದವರು ಅತ್ತೆ, ಶಕುಂತಲಾಬಾಯಿಯವರು. ನಿನ್ನೆ ಕೂತು ಎಣಿಸಿದೆ. ಬೆಳಗಿನಿಂದ ಸಂಜೆಯ ತನಕ ನನ್ನ ಜೊತೆ ಹನ್ನೊಂದು ಮಾತು ಆಡಿದರು, ಅದರಲ್ಲಿ ಆರು ‘ಹೂಂ’. ಹನ್ನೊಂದು ಗಂಟೆಗೆ ಪಕ್ಕದ ಮನೆಯ ಮುನ್ನಿ ಬೀ ಬಂದು ಕಾಂಪೌಂಡಿಗೆ ಮೊಳಕೈ ಊರಿದರೆ ಮಾತ್ರ ಅತ್ತೆಯ ಬಾಯಿ ಬಿಟ್ಟ ನಲ್ಲಿ. ಮೂವತ್ತು ವರ್ಷದಿಂದ ಗೋಡೆಯ ಮೇಲೆ ಎರಡು ಚಹಾದ ಗ್ಲಾಸು, ಆಚೆ ಒಬ್ಬರು, ಈಚೆ ಒಬ್ಬರು. ನಾನು ಚಹಾ ಸೋಸಿ ಕೊಟ್ಟು ಒಳಗೆ ಬರುತ್ತೇನೆ.

ಅಂಗಳದಲ್ಲಿ ನಾಲ್ಕು ಹೂಗಿಡಗಳಿವೆ. ಗೇಟಿನ ಎರಡು ಬದಿಗೆ ದಾಸವಾಳ, ನಲ್ಲಿಯ ಹತ್ತಿರ ನಂದಿಬಟ್ಟಲು, ಮೂಲೆಯಲ್ಲಿ ಕಣಗಿಲೆ. ನಾಲ್ಕೂ ಅತ್ತೆಯ ಲಿಂಗಪೂಜೆಯ ಗಿಡಗಳು. ದೇವರ ಹೂವಿನ ಗಿಡಕ್ಕೆ ಕಬ್ಬಿಣ ತಾಗಿಸಬಾರದು ಎಂಬುದು ಈ ಮನೆಯ ಕಾನೂನು. ಹಾಗಾಗಿ ನೆಟ್ಟಾಗಿನಿಂದ ಯಾರೂ ಕತ್ತರಿ ಹಚ್ಚಿಲ್ಲ. ಎಡಗಡೆಯ ದಾಸವಾಳ ಏಳು ಅಡಿ ಎತ್ತರಕ್ಕೆ ಕೋಲಿನ ಹಾಗೆ ಹೋಗಿ ತುದಿಯಲ್ಲಿ ನಾಲ್ಕು ಎಲೆ, ಒಂದು ಹೂ ಇಟ್ಟುಕೊಂಡು ನಿಂತಿದೆ. ಕೆಳಗೆಲ್ಲ ಬೋಳು. ಅತ್ತೆ ಐದಡಿಯೂ ಇಲ್ಲ. ದಿನಾ ಬೆಳಿಗ್ಗೆ ಆ ನೋಯುವ ಮೊಣಕಾಲಿನಲ್ಲೇ ತುದಿಗಾಲಿನ ಮೇಲೆ ನಿಂತು, ಕೊಕ್ಕೆ ಕೋಲಿನಿಂದ ಟೊಂಗೆ ಬಗ್ಗಿಸಿ, ಆ ಒಂದು ಹೂವಿಗೆ ಕೈ ಚಾಚುತ್ತಾರೆ. ನೋಡಿದರೆ ಸಿಟ್ಟು ಬರುತ್ತದೆ.

ನಾನು ನರ್ಸರಿಯವರ ಮಗಳು. ತುದಿಯ ಕುಡಿ ಇರುವತನಕ ಅದು ಬಗಲಿನ ಕಣ್ಣುಗಳನ್ನು, ಅಂದರೆ ಎಲೆಯ ಬುಡದ ಮೊಳಕೆಗಳನ್ನು, ಮಲಗಿಸಿಯೇ ಇಡುತ್ತದೆ, ತುದಿ ಹೋದರೆ ಅವೆಲ್ಲ ಎದ್ದು ಕೂರುತ್ತವೆ ಎಂಬುದನ್ನು ಅಕ್ಷರ ಕಲಿಯುವ ಮೊದಲೇ ಕಲಿತವಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಲು ಹೋದೆ. “ಅಂಗಳದ್ದು ನಾ ನೋಡ್ಕೋತೀನಿ” ಅಂದರು. ಅಲ್ಲಿಂದ ಬಾಯಿ ಮುಚ್ಚಿದವಳು ಮತ್ತೆ ತೆರೆದಿಲ್ಲ.

ಅತ್ತೆ ಆರೂಕಾಲಿಗೆ ಪೂಜೆಗೆ ಕೂತರೆ ನಲವತ್ತು ನಿಮಿಷ ಅಂಗೈ ಮೇಲಿನ ಲಿಂಗದಿಂದ ದೃಷ್ಟಿ ಕೀಳುವುದಿಲ್ಲ. ಇವತ್ತು ಆ ನಲವತ್ತು ನಿಮಿಷದಲ್ಲಿ ನಂದಿಬಟ್ಟಲಿನ ಹನ್ನೆರಡು ಕುಡಿ ಚಿವುಟಿದೆ. ಬರೀ ಉಗುರಿನಿಂದ. ಉಗುರು ಕಬ್ಬಿಣವಲ್ಲ, ಕಾನೂನು ಮುರಿದಿಲ್ಲ.

ಪಂಚಮಿಗೆ ಇನ್ನು ಐವತ್ತು ದಿನ. ಮಂಚದ ಕೆಳಗೆ ಬ್ಯಾಗು ಈಗಲೇ ತುಂಬಿಟ್ಟಿದ್ದೇನೆ. ಹಬ್ಬಕ್ಕೆಂದು ಒಮ್ಮೆ ಹುಮನಾಬಾದಿಗೆ ಹೋದೆನೆಂದರೆ ದಸರೆ ಮುಗಿಯುವ ತನಕ ಈ ಕಡೆ ತಲೆ ಹಾಕುವುದಿಲ್ಲ.

ಜೂನ್ 11, ಬುಧವಾರ

ಅಪರಾಧ ಮಾಡುವುದಕ್ಕಿಂತ ಸಾಕ್ಷಿ ಮುಚ್ಚುವುದು ಕಷ್ಟ. ಇವತ್ತು ಬಲಗಡೆಯ ದಾಸವಾಳದಲ್ಲಿ ಕೈಗೆಟುಕುವ ಎಂಟು ಕುಡಿ ತೆಗೆದೆ. ಎಲೆ ಹೊರಡುವ ಗೆಣ್ಣಿನ ಸ್ವಲ್ಪ ಮೇಲೆ, ಹೊರಮುಖವಾದ ಕಣ್ಣು ನೋಡಿ. ಒಳಮುಖದ ಕಣ್ಣಿನ ಮೇಲೆ ಚಿವುಟಿದರೆ ಟೊಂಗೆಗಳೆಲ್ಲ ಒಳಗೇ ನುಗ್ಗಿ ಒಂದಕ್ಕೊಂದು ತಿಕ್ಕಾಡುತ್ತವೆ. ಸರಿ, ತೆಗೆದ ಎಂಟು ಕುಡಿಗಳನ್ನು ಎಲ್ಲಿಡುವುದು? ತಿರುಗಿ ನೋಡಿದರೆ ಮುನ್ನಿ ಬೀಯ ಆಡು ಚಾಂದನಿ ಮುಂಗಾಲೆರಡನ್ನೂ ಗೋಡೆಯ ಮೇಲಿಟ್ಟು ನನ್ನನ್ನೇ ನೋಡುತ್ತಿತ್ತು. ಕೊಟ್ಟೆ. ಒಂದು ಗಳಿಗೆಯಲ್ಲಿ ಎಂಟೂ ಹೋದವು. ಈ ಊರಿನಲ್ಲಿ ನನಗೆ ಮೊದಲ ಗೆಳತಿ ಸಿಕ್ಕಂತಾಯಿತು.

ಜೂನ್ 14, ಶನಿವಾರ

ಕಣಗಿಲೆಯ ತುದಿ ಉಗುರಿಗೆ ಜಗ್ಗುವುದಿಲ್ಲ. ಇವರ ಶೇವಿಂಗ್ ಡಬ್ಬಿಯಿಂದ ನೇಲ್ ಕಟರ್ ತಂದೆ. ಅದು ಸ್ಟೀಲು. ಸ್ಟೀಲು ಕಬ್ಬಿಣವಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಚಾಂದನಿ ಗೋಡೆಯ ಮೇಲೆ ಕಾದಿತ್ತು, ಆದರೆ ಕಣಗಿಲೆ ಕೊಡಲಿಲ್ಲ. ಅದು ವಿಷ. ಹಸಿದ ಆಡು ಕೂಡ ಮೂಸಿ ಬಿಟ್ಟುಬಿಡುತ್ತದೆ, ತಪ್ಪಿ ತಿಂದರೆ ಉಳಿಯುವುದಿಲ್ಲ. ತುಂಡುಗಳನ್ನು ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿ, ಕೈಯನ್ನು ಎರಡು ಸಲ ಸಾಬೂನಿನಿಂದ ತೊಳೆದೆ. ಸೆರಗಿಗೆ ಮೊನ್ನೆಯ ನಂದಿಬಟ್ಟಲಿನ ಹಾಲು ತಾಗಿ ಕಂದು ಕಲೆಯಾಗಿದೆ. ಕೇಳಿದರೆ ಚಹಾದ್ದು ಅನ್ನುತ್ತೇನೆ.

ಇವತ್ತು ಅತ್ತೆ ಹನ್ನೆರಡು ಮಾತು ಆಡಿದರು. ಹನ್ನೆರಡನೆಯದು, “ಆ ಸೀರಿ ಒಗ್ಯಾಕ ಹಾಕು.”

ಜೂನ್ 20, ಶುಕ್ರವಾರ

ಇವತ್ತು ದೊಡ್ಡದಕ್ಕೇ ಕೈ ಹಾಕಿದೆ. ಎಡ ದಾಸವಾಳದ್ದು ಚಿವುಟುವುದರಿಂದ ಆಗುವ ಕೆಲಸವಲ್ಲ. ಅದರ ಐದು ಉದ್ದ ಟೊಂಗೆಗಳನ್ನು ಕೊಕ್ಕೆಯಿಂದ ಬಗ್ಗಿಸಿ, ಪ್ರತಿಯೊಂದರಲ್ಲೂ ಮೂರರಲ್ಲಿ ಒಂದು ಪಾಲು ಮುರಿದೆ. ಅದಕ್ಕಿಂತ ಹೆಚ್ಚು ತೆಗೆಯಬಾರದು, ಗಿಡ ಗಾಬರಿಯಾಗುತ್ತದೆ. ಮುರಿದ ಜಾಗ ಹರಕಲಾಗಿತ್ತು, ಅದನ್ನು ನೇಲ್ ಕಟರಿನಿಂದ ಸುತ್ತಲೂ ಕಡಿದು ಕಡಿದು ಗೆಣ್ಣಿನ ಮಟ್ಟಕ್ಕೆ ತಂದೆ. ಕೊನೆಗೆ ನೋಡಿದರೆ ಯಾರೋ ಹಲ್ಲಿನಿಂದ ಕಡಿದ ಹಾಗಿತ್ತು. ಬುಡಕ್ಕೆ ಸಗಣಿ ಗೊಬ್ಬರ ಹಾಕಿ, ಅಕ್ಕಿ ತೊಳೆದ ನೀರು ಹಾಕಿದೆ. ಚಾಂದನಿಗೆ ಹಬ್ಬವೋ ಹಬ್ಬ.

ಏಳು ಅಡಿಯ ಗಿಡ ಪೂಜೆ ಮುಗಿಸಿ ಬರುವಷ್ಟರಲ್ಲಿ ಕತ್ತಿನ ಮಟ್ಟ ಆದರೆ ಯಾರಿಗೆ ಕಾಣುವುದಿಲ್ಲ?

ಜೂನ್ 21, ಶನಿವಾರ

ಕಂಡಿತು. ಅತ್ತೆ ಕೊಕ್ಕೆ ಕೋಲು ಹಿಡಿದು ಗಿಡದ ಮುಂದೆ ಬಹಳ ಹೊತ್ತು ನಿಂತರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ಈಗ ಬಯ್ಯುತ್ತಾರೆ, ಈಗ ಕರೆಯುತ್ತಾರೆ ಅಂದುಕೊಂಡೆ. ಕರೆಯಲಿಲ್ಲ. ಒಳಗೆ ಬಂದು, “ಯಾರದೋ ಕಣ್ಣು ಬಿದ್ದದ” ಅಂದು ಚಹಾ ಕುಡಿದರು.

ನಾನು “ಹೌದ್ರಿ” ಅಂದೆ. ಸತ್ಯವೇ ತಾನೆ, ನನ್ನ ಕಣ್ಣು ಬಿದ್ದು ನಾಲ್ಕು ತಿಂಗಳಾಗಿತ್ತು.

ಜೂನ್ 24, ಮಂಗಳವಾರ

ದಾಸವಾಳಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾರೆ. ನಂದಿಬಟ್ಟಲಿಗೆ ಕರಿದಾರ. ಕಣಗಿಲೆಯ ಪಕ್ಕ ಕೋಲು ನೆಟ್ಟು, ಇವರ ಹಳೆಯ ನೀಲಿ ಶರ್ಟು ತೊಡಿಸಿ, ಗಡಿಗೆಯ ತಲೆಯಿಟ್ಟು ಬೆದರುಗೊಂಬೆ ಮಾಡಿದ್ದಾರೆ. ಇವರು ಅಂಗಡಿಯಿಂದ ಬಂದವರು ಗೇಟಿನಲ್ಲಿ ನಿಂತು ಅದಕ್ಕೆ “ಯಾರ್ ಬೇಕಾಗಿತ್ರಿ?” ಎಂದು ಕೇಳಿದರು. ನಾನು ಒಳಗೆ ಓಡಿ ಹೋಗಿ ದಿಂಬಿಗೆ ಬಾಯಿ ಒತ್ತಿಕೊಂಡು ನಕ್ಕೆ. ಈ ಮನೆಗೆ ಬಂದ ಮೇಲೆ ಹೀಗೆ ನಕ್ಕದ್ದು ಇದೇ ಮೊದಲು.

ಜೂನ್ 28, ಶನಿವಾರ

ಕಣ್ಣು ಬಿಟ್ಟಿವೆ. ನಂದಿಬಟ್ಟಲಿನಲ್ಲಿ ಒಂದು ಕುಡಿ ತೆಗೆದ ಕಡೆ ಎರಡೆರಡು, ಬಲ ದಾಸವಾಳದಲ್ಲಿ ಕೆಲವು ಕಡೆ ಮೂರು. ಎಡದ್ದರ ಬೋಳು ಕಾಂಡದ ಮೇಲೆ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕಿಗಳು. ನನಗೆ ಯಾರಿಗಾದರೂ ಹೇಳಬೇಕಿತ್ತು. ಹುಮನಾಬಾದಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ಖುಷಿಪಟ್ಟು, “ನಿಮ್ಮ ಅತ್ತಿ ಏನಂದ್ರು?” ಎಂದು ಕೇಳಿದರು. ಲೈನ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಜುಲೈ 2, ಬುಧವಾರ

ಕೆಲಸ ಕೆಟ್ಟಿತು.

ಹನ್ನೊಂದಕ್ಕೆ ನಾನು ಎರಡು ಗ್ಲಾಸು ಚಹಾ ಒಯ್ದು ಗೋಡೆಯ ಮೇಲಿಟ್ಟೆ. ಅತ್ತೆ ಕುಡಿಯಲಿಲ್ಲ. ದಾಸವಾಳದ ಮುರಿದ ಟೊಂಗೆಯೊಂದನ್ನು ಮುನ್ನಿ ಬೀಗೆ ಬೆರಳಿನಿಂದ ತೋರಿಸಿ, ಹಲ್ಲಿನ ಗುರುತು ನೋಡು ಅಂದರು. ನೇಲ್ ಕಟರಿನ ಗುರುತು.

“ಏಳು ಫೂಟ್ ಮ್ಯಾಲಿಂದು ತಿನ್ನಾಕ ನನ್ನ ಚಾಂದನಿ ಏನ್ ಒಂಟೆ ಏನ್ರಿ, ಶಕ್ಕುಬಾಯಿ?” ಅಂದರು ಮುನ್ನಿ ಬೀ.

“ದಿನಾ ಮುಂಜಾನಿ ಗ್ವಾಡಿಗಿ ಕಾಲು ಕೊಟ್ಟು ನಿಂದರ್ತದ. ಸುಮ್‌ಸುಮ್ನ ನಿಂದರ್ತದೇನು? ಏನೋ ರುಚಿ ಹತ್ಯದ.”

ರುಚಿ ಹತ್ತಿಸಿದವಳು ನಾನು. ಆಮೇಲೆ ಮಾತು ಬೆಳೆಯಿತು. ಅತ್ತೆ ಆಡು ಕಟ್ಟಿ ಹಾಕು ಅಂದರು, ಮುನ್ನಿ ಬೀ ನಿನ್ನ ಗಿಡ ಕಟ್ಟಿ ಹಾಕು ಅಂದರು. ಮೂವತ್ತು ವರ್ಷದಲ್ಲಿ ಯಾರು ಯಾರ ಮನೆಯಿಂದ ಏನೇನು ಒಯ್ದು ವಾಪಸ್ ಕೊಟ್ಟಿಲ್ಲ ಎಂಬುದೆಲ್ಲ ಬಂತು. ಒಂದು ಜರಡಿ, ಒಂದು ಒನಕೆ, ಮತ್ತೊಂದು ಏನೋ. ಕೊನೆಗೆ ಮುನ್ನಿ ಬೀ, “ನಿನ್ನ ಚಾ ನಕೋ ನನಗ” ಎಂದು ಗ್ಲಾಸು ಬೋರಲು ಹಾಕಿ ಹೋದರು. ಚಹಾ ಗೋಡೆಯ ಮೇಲಿಂದ ಎರಡೂ ಕಡೆ ಇಳಿಯಿತು.

ಇದನ್ನು ನಾನು ಬಯಸಿರಲಿಲ್ಲ. ಗಿಡ ಪೊದೆಯಾಗಲಿ ಅಂದೆ, ಅಷ್ಟೇ.

ಜುಲೈ 5, ಶನಿವಾರ

ಮೂರು ದಿನದಿಂದ ಹನ್ನೊಂದು ಗಂಟೆ ಸುಮ್ಮನೆ ಬಂದು ಹೋಗುತ್ತಿದೆ. ಅತ್ತೆ ಈಗ ಆ ಹೊತ್ತಿಗೆ ಸರಿಯಾಗಿ, ಮಠಕ್ಕೆ ಹೋಗಿಬರುತ್ತೇನೆ ಎಂದು ಸೆರಗು ಹೊದ್ದು ಹೊರಡುತ್ತಾರೆ. ಅರ್ಧ ತಾಸು ಬಿಟ್ಟು ಬರುತ್ತಾರೆ. ಪಾಪ, ಹೊತ್ತು ಕಳೆಯುವುದು ಕಷ್ಟವಾಗಿರಬೇಕು. ಬೋರಲು ಗ್ಲಾಸನ್ನು ಯಾರೂ ತೆಗೆದಿಲ್ಲ. ನಾನೂ ತೆಗೆದಿಲ್ಲ.

ಚಾಂದನಿಯನ್ನು ಕಟ್ಟಿ ಹಾಕಿದ್ದಾರೆ. ಬೆಳಿಗ್ಗೆ ನಾನು ಅಂಗಳಕ್ಕೆ ಬಂದರೆ ಆಚೆಯಿಂದ ಕೂಗುತ್ತದೆ.

ಜುಲೈ 9, ಬುಧವಾರ

ಹೊಸ ಕುಡಿಗಳು ಐದಾರು ಎಲೆ ಬಿಟ್ಟಿವೆ. ಎರಡನೆಯ ಸಲ ಚಿವುಟುವ ಹೊತ್ತು ಇದೇ. ಈಗ ಬಿಟ್ಟರೆ ಮತ್ತೆ ಕೋಲಿನ ಹಾಗೆ ಏರುತ್ತವೆ, ಮಾಡಿದ್ದೆಲ್ಲ ವ್ಯರ್ಥ. ಆದರೆ ಚಿವುಟಿದರೆ ಕಟ್ಟಿ ಹಾಕಿದ ಆಡಿನ ಮೇಲೆ ಮತ್ತೊಂದು ತಪ್ಪು ಬರುತ್ತದೆ. ಅಲ್ಲ, ಕಟ್ಟಿ ಹಾಕಿದ ಆಡು ತಿನ್ನಲಾರದು ಎಂದು ಗೊತ್ತಾಗಿ ಅದು ಬಿ‌ಡುಗಡೆಯೂ ಆಗಬಹುದು. ಹೀಗೆ ಎರಡು ಕಡೆಯ ವಕೀಲಿಕೆಯನ್ನೂ ನಾನೇ ಮಾಡಿ, ಕೊನೆಗೆ ಚಿವುಟಿದೆ. ನಂದಿಬಟ್ಟಲು ಇಪ್ಪತ್ತಮೂರು, ಬಲ ದಾಸವಾಳ ಹದಿನಾಲ್ಕು, ಕಣಗಿಲೆ ಒಂಬತ್ತು. ಇನ್ನು ಮುಟ್ಟುವುದಿಲ್ಲ. ಹೂ ಬೇಕಾದರೆ ಒಂದು ಹಂತದಲ್ಲಿ ಕೈ ಕಟ್ಟಿ ಕೂರಬೇಕು.

ಮತ್ತೊಂದು ಸೀರೆಗೆ ಕಲೆ. ಇದು ಮೂರನೆಯದು.

ಜುಲೈ 12, ಶನಿವಾರ

ಮುನ್ನಿ ಬೀ ತಮ್ಮ ಅಂಗಳದಲ್ಲಿ ನಿಂತು ಇಡೀ ಓಣಿಗೆ ಕೇಳುವ ಹಾಗೆ ಹೇಳಿದರು. ಗುರುವಾರ ಚಾಂದನಿಯನ್ನು ಹುಲಸೂರಿಗೆ, ಮಗಳು ವಹೀದಾಳ ಮನೆಗೆ ಕಳಿಸಿಬಿಡುತ್ತಾರಂತೆ. ಬಾಡಿಗೆಗೆ ಅಜೀಮನ ಟಂಟಂ ಆಟೋ ಹೇಳಿ ಆಗಿದೆಯಂತೆ. ಮರಿಯಿದ್ದಾಗಿನಿಂದ ಕೈಯಿಂದ ಉಣಿಸಿ ಸಾಕಿದ ಆಡು. ಆ ಮನೆಯಲ್ಲಿ ಅವರಿಬ್ಬರೇ ಇರುವುದು.

ನನಗೆ ಅನ್ನ ಇಳಿಯಲಿಲ್ಲ. ಅತ್ತೆ ಮಠದಿಂದ ಬಂದು ಚೆನ್ನಾಗಿ ಉಂಡರು. ಅವರ ಸೆರಗಿನ ಮೇಲೆ ನಾಲ್ಕಾರು ಬಿಳಿ ಕೂದಲು ಇದ್ದವು. ಈಚೆಗೆ ಮಠದಲ್ಲಿ ಆಡು ಸಾಕಿದ್ದಾರೋ ಏನೋ.

ಜುಲೈ 15, ಮಂಗಳವಾರ

ಒಂದು ಉಪಾಯ ಮಾಡಿದೆ. ತಪ್ಪನ್ನು ಯಾರ ಮೇಲಾದರೂ ಹೊರಿಸಬೇಕೆಂದರೆ ಊರುಬಿಟ್ಟು ಓಡಿಹೋಗುವಂಥವರ ಮೇಲೆ ಹೊರಿಸಬೇಕು. ಬೆಳಿಗ್ಗೆ ಅಂಗಳದಲ್ಲಿ ಮಂಗ ನೋಡಿದೆ, ದಾಸವಾಳದ ಮೇಲೆ ಕೂತಿತ್ತು ಎಂದು ಅತ್ತೆಗೆ ಹೇಳಿದೆ. ಅತ್ತೆ ನನ್ನ ಮುಖವನ್ನೇ ನೋಡಿದರು.

“ಮಂಗ್ಯಾ ಯಾವ ಕಡಿಂದ ಬಂದಿತ್ತು? ಹುಮನಾಬಾದ ಕಡಿಂದನ?”

ಹುಮನಾಬಾದಿನ ಕಡೆಯಿಂದಲೇ ಯಾಕೆ ಬರಬೇಕು, ನನಗೆ ತಿಳಿಯಲಿಲ್ಲ. ಗೊತ್ತಿಲ್ರಿ ಅಂದೆ. ಹೂಂ ಅಂದರು.

ಜುಲೈ 16, ಬುಧವಾರ

ನಾಳೆ ಗುರುವಾರ. ಬರೆಯಲು ಮನಸ್ಸಿಲ್ಲ.

ಜುಲೈ 17, ಗುರುವಾರ

ಎಲ್ಲವನ್ನೂ ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ನಾನೇ ನಂಬಲಾರೆ.

ಹತ್ತೂವರೆಗೆ ಅಜೀಮನ ಟಂಟಂ ಬಂದು ನಿಂತಿತು. ಮುನ್ನಿ ಬೀ ಚಾಂದನಿಯ ಹಗ್ಗ ಬಿಚ್ಚಿ ಬೀದಿಗೆ ಎಳೆದರು. ಅದು ನಾಲ್ಕೂ ಕಾಲು ಊರಿ ನಮ್ಮ ಗೇಟಿನ ಕಡೆ ನೋಡಿ ಕೂಗಿತು. ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಕಡೆಗಣ್ಣಿನಿಂದಲೂ ನೋಡಲಿಲ್ಲ. ನನಗೆ ಏನಾಯಿತೋ, ಚಪಾತಿಯ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಹಗ್ಗ ಹಿಡಿದುಕೊಂಡೆ.

“ಆಡು ತಿಂದಿಲ್ರಿ ಅತ್ತಿ. ನಾ ಚಿವುಟೀನಿ. ಎಲ್ಲಾ ನಾನ ಚಿವುಟೀನಿ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ಐದು ತಿಂಗಳಿನ ಮಾತು ಒಮ್ಮೆಗೇ ಬಂತು. ತುದಿಯ ಕುಡಿ ಬಗಲಿನ ಕಣ್ಣುಗಳನ್ನು ಹೇಗೆ ಮಲಗಿಸಿಡುತ್ತದೆ, ಗೆಣ್ಣಿನ ಮೇಲೆ ಎಷ್ಟು ಬಿಟ್ಟು ತೆಗೆಯಬೇಕು, ಎರಡನೆಯ ಸಲ ಯಾವಾಗ, ಯಾವಾಗ ಕೈ ಬಿಡಬೇಕು, ಎಲ್ಲವನ್ನೂ ಬೀದಿಯಲ್ಲಿ ನಿಂತು ಹೇಳಿದೆ. ಅಜೀಮ್ ಕೂಡ ಎಂಜಿನ್ ಬಂದ್ ಮಾಡಿ ಕೇಳಿದ. ಹಲ್ಲಿನ ಗುರುತಲ್ಲ, ಉಗುರಿನ ಗುರುತು ಅಂದೆ. ಗಾಬರಿಯಲ್ಲೂ ನೇಲ್ ಕಟರಿನ ಹೆಸರು ಎತ್ತಲಿಲ್ಲ, ಅಷ್ಟು ಬುದ್ಧಿ ಉಳಿದಿತ್ತು. ಕೊನೆಗೆ ಅತ್ತೆಯ ಮೇಲೂ ಸಿಟ್ಟು ಮಾಡಿದೆ.

“ದಿನಾ ಆ ಮೊಣಕಾಲ ಮ್ಯಾಲ ತುದಿಗಾಲಿಲೆ ನಿಂದರ್ತೀರಿ. ನನಗ ನೋಡಾಕ ಆಗಂಗಿಲ್ರಿ. ಹೇಳಿದ್ರ ಕೇಳಂಗಿಲ್ಲ. ನಾ ಏನ್ ಮಾಡಬೇಕಿತ್ತು?”

ಅಷ್ಟು ಹೇಳಿ ಅತ್ತುಬಿಟ್ಟೆ. ಚಾಂದನಿ ನನ್ನ ಕೈಯ ಹಿಟ್ಟು ನೆಕ್ಕಿತು.

ಮೊದಲು ನಕ್ಕದ್ದು ಮುನ್ನಿ ಬೀ. ನಕ್ಕು ನಕ್ಕು ನಮ್ಮ ಗೇಟು ಹಿಡಿದುಕೊಂಡರು. “ನಾ ಹೇಳಿದ್ದಿಲ್ಲೇನ್ರಿ ಶಕ್ಕುಬಾಯಿ, ಗುರುವಾರ ಬಾಯಿ ಬಿಡ್ತಾಳಂತ?” ಅಂದರು. ನಾನು ಅವರನ್ನು ನೋಡಿದೆ, ಅತ್ತೆಯನ್ನು ನೋಡಿದೆ. ಅತ್ತೆ ಕಟ್ಟೆಯಿಂದ ಇಳಿದು ಬಂದು ನನ್ನ ಸೆರಗಿನ ತುದಿ ಹಿಡಿದು ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿದರು.

“ನಂದಿಬಟ್ಟಲದ ಹಾಲು ಸೀರಿಗಿ ಹತ್ತಿದ್ರ ಹೋಗಂಗಿಲ್ಲ. ಮೂರು ಸೀರಿ ಕೆಡಿಸಿದಿ. ನಾಳಿಂದ ಹಳೀ ಸೀರಿ ಉಟ್ಕೊಂಡು ಚಿವುಟು.”

ಮೊದಲಿನಿಂದಲೇ ಗೊತ್ತಿತ್ತಂತೆ. ಕಣಗಿಲೆಯ ತುದಿ ಹೋದದ್ದನ್ನು ನೋಡಿಯೂ ಆಡಿನ ಮೇಲೆ ಸಂಶಯಪಡಲು ತಾನೇನು ಕೊಹಿನೂರು ಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದವಳಲ್ಲವೇ ಎಂದು ಕೇಳಿದರು. ಕಣಗಿಲೆ ತಿಂದ ಆಡು ಮೂರು ವಾರ ಗೋಡೆಗೆ ಕಾಲು ಕೊಟ್ಟು ನಿಲ್ಲುತ್ತದೆಯೇ? ಹಾಗಾದರೆ ಈ ಜಗಳ ಯಾಕೆ, ಮಠ ಯಾಕೆ ಅಂದೆ. ಜಗಳವೂ ಇಲ್ಲ, ಮಠವೂ ಇಲ್ಲ ಮಣ್ಣೂ ಇಲ್ಲ. ಹದಿನೈದು ದಿನ ಹನ್ನೊಂದರ ಚಹಾ ಮುನ್ನಿ ಬೀಯ ಹಿತ್ತಲಿನಲ್ಲಿ ನಡೆದಿದೆ, ಚಾಂದನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಹೀಗೆ ಯಾಕೆ ಮಾಡಿದಿರಿ ಎಂದು ಕೇಳಿದೆ. ಅತ್ತೆ ಬಿದ್ದ ಎಲೆಯೊಂದನ್ನು ಕಾಲಿನಿಂದ ಸರಿಸಿದರು.

“ನೀ ದಿನಕ್ಕ ಒಂಬತ್ತು ಮಾತು ಆಡ್ತಿದ್ದಿ. ಎಣಸೀನಿ ನಾ. ಹೌದ್ರಿ, ಇಲ್ರಿ, ಆತ್ರಿ. ಹೊಟ್ಯಾಗ ಏನ್ ಇಟ್ಕೊಂಡೀದಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಕಸ ಹೊಡಿವಾಗ ಮಂಚದ ಕೆಳಗ ಬ್ಯಾಗ ಕಂಡೆ, ತುಂಬಿಟ್ಟಿದ್ದಿ. ಹೋದಾಕಿ ತಿರುಗಿ ಬರ್ತಿಯೋ ಇಲ್ಲೋ ಅಂತ ಅಂಜಿಕಿ ಹತ್ತಿತು. ಜಗಳನರ ಆಡ್ಲಿ, ಬಾಯಿ ಬಿಡ್ಲಿ ಅಂದೆ.”

ನಾನು ಅವರನ್ನು ಎಣಿಸುತ್ತಿದ್ದೆ, ಅವರು ನನ್ನನ್ನು ಎಣಿಸುತ್ತಿದ್ದರು. ನಾನು ಕಡಿಮೆ ಆಡಿದವಳು ಎಂದು ಗೊತ್ತಾದಾಗ ಬಹಳ ನಾಚಿಕೆಯಾಯಿತು. ಅವರಿಗೆ ಅಂಜಿಕೆ ಎಂಬುದು ಇರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

“ಕಬ್ಬಿಣ ಹಚ್ಚಿಲ್ಲಲ್ಲ?” ಎಂದು ಕೊನೆಗೆ ಕೇಳಿದರು. ಇಲ್ರಿ ಅಂದೆ. ಮುನ್ನಿ ಬೀ ಹದಿನೈದು ದಿನದ ಬೋರಲು ಗ್ಲಾಸನ್ನು ಎತ್ತಿ, ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟರು. ಅಜೀಮ್ ಹುಲಸೂರಿನ ಬಾಡಿಗೆ ಹೋಯಿತಲ್ಲ ಎಂದು ಗೊಣಗಿದ. ಅವನಿಗೂ ಚಹಾ ಕೊಟ್ಟೆ.

ಜುಲೈ 18, ಶುಕ್ರವಾರ

ಗೋಡೆಯ ಮೇಲೆ ಮೂರು ಗ್ಲಾಸು. ನನ್ನದು ನಡುವೆ. ಚಾಂದನಿಗೆ ದಾಸವಾಳದ ಎಲೆ ಕೊಡುವಂತಿಲ್ಲ, ಅದಕ್ಕೆ ಅಭ್ಯಾಸ ಬಿಡಿಸಬೇಕು ಎಂದು ಇಬ್ಬರೂ ಸೇರಿ ನನಗೆ ಬುದ್ಧಿ ಹೇಳಿದರು. ಅತ್ತೆಯ ಮಾತು ಎಣಿಸಲು ಹೋಗಿ ಅರ್ಧಕ್ಕೆ ತಪ್ಪಿತು. ಅವರಿಗೆ ಓಣಿಯ ಎಲ್ಲರ ಹಳೆಯ ಸುದ್ದಿಯೂ ಗೊತ್ತು. ನನಗೂ ಈಗ ಅರ್ಧ ಗೊತ್ತು.

ಜುಲೈ 27, ಭಾನುವಾರ

ಹುಮನಾಬಾದಿಗೆ ಬಂದೆ. ಅತ್ತೆ ಬುತ್ತಿ ಕಟ್ಟಿಕೊಟ್ಟರು. ದಸರೆಯ ತನಕ ಇರುತ್ತೇನೆ ಎಂದು ಅವ್ವನಿಗೆ ಮೊದಲೇ ಹೇಳಿಟ್ಟಿದ್ದೆ. ಮಂಚದ ಕೆಳಗಿನ ಬ್ಯಾಗೇ ತಂದೆ, ತಿಂಗಳುಗಟ್ಟಲೆ ಮಡಚಿಟ್ಟ ಬಟ್ಟೆಗಳೆಲ್ಲ ಮುಗ್ಗಲು ನಾರುತ್ತಿವೆ. ಬಿಸಿಲಿಗೆ ಹಾಕಿದೆ.

ಜುಲೈ 29, ಮಂಗಳವಾರ, ಪಂಚಮಿ

ಜೋಕಾಲಿ ಆಡಿದೆ, ಉಂಡಿ ತಿಂದೆ, ಅಪ್ಪನ ನರ್ಸರಿಯಲ್ಲಿ ಸಂಜೆಯ ತನಕ ಸುತ್ತಾಡಿದೆ. ಅಪ್ಪ ಹೊಸದಾಗಿ ತಂದ ದಾಸವಾಳದ ಗಿಡಗಳನ್ನು ತೋರಿಸಿದರು. ಒಂದೊಂದು ಗಿಡಕ್ಕೆ ಹತ್ತು ಟೊಂಗೆ, ಒಳ್ಳೆಯ ಗಿಡಗಳೇ. ಆದರೆ ನಮ್ಮದರ ಹೊಸ ಟೊಂಗೆ ಇವಕ್ಕಿಂತ ದಪ್ಪ ಅಂದೆ. ನಮ್ಮದು ಅಂದ್ರ ಯಾವುದು ಎಂದು ಅಪ್ಪ ಕೇಳಿದರು. ಎಡಗಡೆಯದು ಎಂದು ಹೇಳಿದೆ. ಅಪ್ಪ ಯಾಕೋ ನಕ್ಕರು.

ಮಳೆ ಬಂದರೆ ಎಡದ್ದರ ಬುಡದಲ್ಲಿ ನೀರು ನಿಲ್ಲುತ್ತದೆ. ಕಾಲುವೆ ತೆಗೆದು ಬರಬೇಕಿತ್ತು.

ಆಗಸ್ಟ್ 2, ಶನಿವಾರ

ಅತ್ತೆಯ ಫೋನ್. ಮದುವೆಯಾದ ಮೇಲೆ ನನಗೆ ಅವರು ಫೋನ್ ಮಾಡಿದ್ದು ಇದೇ ಮೊದಲು. ಫೋನಿನಲ್ಲಿ ಕೂಗಿ ಮಾತಾಡುತ್ತಾರೆ, ಬಸವಕಲ್ಯಾಣದಿಂದ ಫೋನಿಲ್ಲದೆಯೇ ಕೇಳಿಸುವಷ್ಟು. ಎಡ ದಾಸವಾಳದಲ್ಲಿ ಮೊಗ್ಗು ಬಂದಿವೆಯಂತೆ. ಆದರೆ ನಡುವಿನ ಒಂದು ಟೊಂಗೆ ಬೇರೆಯವುಗಳನ್ನು ಹಿಂದೆ ಹಾಕಿ ಮೇಲೆ ಏರುತ್ತಿದೆಯಂತೆ.

“ಅದರ ತುದಿ ತಗೀಲೋ ಬ್ಯಾಡೋ? ನೀ ಬಂದು ನೋಡ್ತಿಯೋ?”

ಮುಟ್ಟಬೇಡಿ, ಮೊಗ್ಗು ಇದ್ದರೆ ಅದೂ ಹೋಗುತ್ತದೆ, ನಾನೇ ಬಂದು ನೋಡುತ್ತೇನೆ ಅಂದೆ. ಅವ್ವ ಮುಖ ಊದಿಸಿದಳು. ಒಂದು ಗಿಡಕ್ಕಾಗಿ ಯಾರಾದರೂ ತವರು ಬಿಟ್ಟು ಹೋಗುತ್ತಾರಾ ಎಂದು ಕೇಳಿದಳು. ನಾಲ್ಕು ಗಿಡ ಅಂದೆ.

ಆಗಸ್ಟ್ 3, ಭಾನುವಾರ

ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆ. ಅಪ್ಪ ಅರ್ಧ ಚೀಲ ಗೊಬ್ಬರ ಕೊಟ್ಟರು. ಮಂಚದ ಕೆಳಗೆ ಅದನ್ನಿಡಲು ಜಾಗ ಬೇಕಿತ್ತು, ಬ್ಯಾಗು ಖಾಲಿ ಮಾಡಿ ಅಟ್ಟಕ್ಕೆ ಹಾಕಿದೆ. ಇವರು ನೋಡಿ, “ಇಷ್ಟ ಲಗು ಬಂದಿ?” ಅಂದರು. ಗೇರ್ ಬಾಕ್ಸಿನ ಮಾತು ತೆಗೆದು ತಪ್ಪಿಸಿಕೊಂಡೆ.

ಆಗಸ್ಟ್ 11, ಸೋಮವಾರ

ಶ್ರಾವಣದ ಸೋಮವಾರ. ಬಲ ದಾಸವಾಳದಲ್ಲಿ ಆರು ಹೂ, ಎಡದ್ದರಲ್ಲಿ ಒಂಬತ್ತು, ಎಲ್ಲವೂ ಅತ್ತೆಯ ಕೈಗೆ ನೇರವಾಗಿ ಸಿಗುವ ಎತ್ತರದಲ್ಲಿ. ನಂದಿಬಟ್ಟಲಿನದು ಎಣಿಕೆಗೆ ಸಿಗುವುದಿಲ್ಲ, ಗಿಡ ಬುಡದಿಂದಲೇ ದುಂಡಗೆ ತುಂಬಿಕೊಂಡಿದೆ. ಅತ್ತೆ ಎರಡೂ ಪಾದಗಳನ್ನು ನೆಲಕ್ಕೆ ಊರಿ ನಿಂತು ಬುಟ್ಟಿ ತುಂಬಾ ಹೂ ಬಿಡಿಸಿದರು. ಗೋಡೆಯ ಆಚೆ ಮುನ್ನಿ ಬೀಗೂ ಒಂದು ಮುಷ್ಟಿ ಕೊಟ್ಟರು. ಕೊಕ್ಕೆ ಕೋಲನ್ನು ಬಟ್ಟೆ ಒಣಹಾಕಲು ಕಟ್ಟಿದ್ದೇನೆ.

ಪೂಜೆಯಾದ ಮೇಲೆ ಕಣಗಿಲೆಯ ಹತ್ತಿರ ಹೋದೆ. ನಾಲ್ಕು ತುದಿ ಹೋಗಿವೆ. ನಾನು ಮುಟ್ಟಿಲ್ಲ. ಅದೂ ಎಂಥ ಕೆಲಸ, ಗೆಣ್ಣು ಬಿಟ್ಟು ನಡುವೆ ಎಲ್ಲೋ ತೆಗೆದು ಅರ್ಧ ಬೆರಳಿನಷ್ಟು ಮೋಟು ಉಳಿಸಿದ್ದಾರೆ. ಎರಡು ಕಡೆಯಂತೂ ಕಣ್ಣು ಒಳಮುಖ. ಸುತ್ತಲೂ ಕಡಿದು ಕಡಿದು ತೆಗೆದ ಗುರುತು. ಆ ಗುರುತು ನನಗೆ ಚೆನ್ನಾಗಿ ಗೊತ್ತು. ಇವರು ಬೆಳಿಗ್ಗೆಯಿಂದ ಶೇವಿಂಗ್ ಡಬ್ಬಿಯನ್ನು ತಲೆಕೆಳಗು ಮಾಡಿ ನೇಲ್ ಕಟರ್ ಹುಡುಕುತ್ತಿದ್ದರು. ಅದು ಅತ್ತೆಯ ಹೂಬುಟ್ಟಿಯಲ್ಲಿ, ಎಲೆಗಳ ಕೆಳಗೆ ಇತ್ತು.

ಅತ್ತೆ ಕಟ್ಟೆಯ ಮೇಲೆ ತೊಗರಿಬೇಳೆ ಆರಿಸುತ್ತಿದ್ದರು. ಮುಂದೆ ಹೋಗಿ ನಿಂತೆ.

“ಅತ್ತಿ, ಕಣಗಲದ ತುದಿ ಯಾರ್ ತಗದಾರ್ರಿ?”

ಅವರು ಮೊರದಿಂದ ಕಣ್ಣೆತ್ತಲಿಲ್ಲ.

“ಆಡು ತಿಂದಿರಬೇಕು.”

ಗೋಡೆಯ ಆಚೆ ಮುನ್ನಿ ಬೀಗೆ ಕೆಮ್ಮು ಬಂತು. ಚಾಂದನಿ ಎರಡು ಕಾಲು ಗೋಡೆಯ ಮೇಲಿಟ್ಟು ನಮ್ಮಿಬ್ಬರನ್ನೂ ನೋಡಿತು.

ನಾನು ‘ಹೂಂ’ ಅಂದೆ. ನಾಳೆ ಅವರು ಪೂಜೆಗೆ ಕೂತಾಗ ಆ ನಾಲ್ಕು ಮೋಟುಗಳನ್ನು ಗೆಣ್ಣಿನ ಮಟ್ಟಕ್ಕೆ ಸರಿ ಮಾಡಿಬಿಡಬೇಕು. ನೇಲ್ ಕಟರ್ ಯಾವಾಗ ಖಾಲಿ ಸಿಗುತ್ತದೋ ನೋಡಬೇಕು.